ಎರೆ ಮಣ್ಣು ಕಪ್ಪಗಿದ್ದರೆ ಸಾಕೇ? ಅಂಜೂರ ನೆಡುವ ಮುನ್ನ ಮಣ್ಣನ್ನು ಅಳೆಯುವುದು ಹೇಗೆ

"ಎರೆ ಭೂಮಿ ಇದ್ದವರು ಭತ್ತ ಬಿಡಿ, ಅಂಜೂರ ಹಾಕಿ. ಕಪ್ಪು ಮಣ್ಣಿಗೆ ಗೊಬ್ಬರವೇ ಬೇಡ, ಎಕರೆಗೆ ಲಕ್ಷಗಟ್ಟಲೆ ಆದಾಯ!" ಈ ಧಾಟಿಯ ಸಂದೇಶಗಳು ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಜೊತೆಗೆ ಹಣ್ಣು ತುಂಬಿದ ಗಿಡದ ಒಂದು ಫೋಟೋ, ಕೊನೆಯಲ್ಲಿ "ಎಲ್ಲ ರೈತ ಬಾಂಧವರಿಗೂ ತಲುಪಿಸಿ" ಎಂಬ ವಿನಂತಿ.

ಇಂಥ ಸಂದೇಶದಲ್ಲಿ ಅರ್ಧ ನಿಜ ಇರುತ್ತದೆ. ತೊಂದರೆ ಕೊಡುವುದು ಉಳಿದ ಅರ್ಧ. ಭತ್ತ, ಮೆಣಸಿನಕಾಯಿ, ಹತ್ತಿ ಕೈಕೊಟ್ಟರೆ ಮುಂದಿನ ವರ್ಷ ಬೆಳೆ ಬದಲಿಸಬಹುದು. ಹಣ್ಣಿನ ಗಿಡ ಹಾಗಲ್ಲ. ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ಆ ಜಮೀನು ಅದಕ್ಕೇ ಮೀಸಲು. ಗುಂಡಿ, ಸಸಿ, ಹನಿ ನೀರಾವರಿಯ ಪೈಪು, ಬೇಲಿ ಎಂದು ಖರ್ಚೆಲ್ಲ ಮೊದಲೇ ಆಗುತ್ತದೆ, ಹಣ್ಣು ಆಮೇಲೆ ಬರುತ್ತದೆ. ಮಣ್ಣು ಗಿಡಕ್ಕೆ ಒಗ್ಗುವುದಿಲ್ಲ ಎಂದು ಮೂರನೇ ವರ್ಷ ತಿಳಿದರೆ ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ ಸಸಿ ತರುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಮಣ್ಣು ಈ ಗಿಡವನ್ನು ಸಾಕಬಲ್ಲುದೇ? ಅದನ್ನು ತಿಳಿಯುವುದು ಹೇಗೆ?

ಬಳ್ಳಾರಿಗೂ ಅಂಜೂರಕ್ಕೂ ಏನು ನಂಟು?

ಅಂಜೂರ ಬಳ್ಳಾರಿಗೆ ಹೊಸದಲ್ಲ. 'ಬಳ್ಳಾರಿ' ಎಂಬ ಹೆಸರಿನದೇ ಒಂದು ಅಂಜೂರದ ತಳಿ ಇದೆ. ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂದು ಬಳ್ಳಾರಿಗೆ ಆಯ್ಕೆಯಾಗಿರುವುದೂ ಅಂಜೂರವೇ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದ ಮೇಲೆ ಬಳ್ಳಾರಿಗೆ ಉಳಿದಿರುವ ತಾಲ್ಲೂಕುಗಳು ಐದು: ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು. ಬಿಸಿಲು ಹೆಚ್ಚು, ಗಾಳಿಯಲ್ಲಿ ತೇವ ಕಡಿಮೆ, ವರ್ಷದ ಮಳೆ ಸುಮಾರು 500 ಮಿಲಿಮೀಟರ್. ಈ ಹವೆ ಅಂಜೂರಕ್ಕೆ ಒಗ್ಗುತ್ತದೆ. ಸಂದೇಶದಲ್ಲಿರುವ ಅರ್ಧ ನಿಜ ಇದೇ.

ಆದರೆ ಹವೆ ಇಡೀ ಜಿಲ್ಲೆಗೆ ಹೆಚ್ಚು ಕಡಿಮೆ ಒಂದೇ. ಮಣ್ಣು ಹಾಗಿಲ್ಲ, ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಬಳ್ಳಾರಿ ಮತ್ತು ಕುರುಗೋಡಿನ ಕಲ್ಲುಬೆಟ್ಟಗಳ ಬುಡದಲ್ಲಿ ಕೆಂಪು ಮಸಾರಿ. ಬಯಲಿಗೆ ಇಳಿದರೆ ಆಳವಾದ ಎರೆ. ಸಿರುಗುಪ್ಪದ ಕಡೆ ತುಂಗಭದ್ರೆ ಮತ್ತು ಹಗರಿಯ ದಂಡೆಯಲ್ಲಿ ಹೊಳೆ ತಂದು ಹಾಕಿದ ಮೆಕ್ಕಲು ಮಣ್ಣು. ಕಾಲುವೆಯ ನೀರು ನಿಲ್ಲುವ ತಗ್ಗಿನಲ್ಲಿ ಸವಳು. ಪಕ್ಕದ ಊರಿನ ತೋಟದ ಫೋಟೋ ನೋಡಿ ನಮ್ಮ ಹೊಲಕ್ಕೆ ಸಸಿ ತಂದರೆ ಲೆಕ್ಕ ತಪ್ಪುವುದು ಇದೇ ಕಾರಣಕ್ಕೆ.

ಕಪ್ಪು ಎಂದರೆ ಫಲವತ್ತು, ಹೌದೇ?

ಕಾಡಿನ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಕಪ್ಪಗಿರುತ್ತವೆ. ಅದನ್ನು ನೋಡಿ ಎರೆ ಮಣ್ಣಿನ ಕಪ್ಪೂ ಗೊಬ್ಬರದ್ದೇ ಎಂದುಕೊಳ್ಳುವುದು ಸಹಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ ಕಪ್ಪಗಿರುವುದೆಲ್ಲ ಗೊಬ್ಬರವಲ್ಲ. ಎರೆ ಮಣ್ಣಿನಲ್ಲಿರುವುದು ಅತಿ ನುಣುಪಾದ ಜೇಡಿಕಣ. ಅದಕ್ಕೆ ಬಿಗಿಯಾಗಿ ಅಂಟಿಕೊಂಡ ತುಸುವೇ ಸಾವಯವ ವಸ್ತು ಇಡೀ ಮಣ್ಣನ್ನು ಕಪ್ಪಾಗಿ ಕಾಣಿಸುತ್ತದೆ. ಬಳ್ಳಾರಿಯಂಥ ಬಿಸಿಲು ಸೀಮೆಯಲ್ಲಿ ಸಾವಯವ ಇಂಗಾಲ ಬೇಗ ಸುಟ್ಟು ಗಾಳಿ ಸೇರುತ್ತದೆ. ಹಾಗಾಗಿ ಕಪ್ಪು ಬಣ್ಣದ ಹೊಲದಲ್ಲೂ ಪ್ರಯೋಗಾಲಯದ ವರದಿ 'ಇಂಗಾಲ ಕಡಿಮೆ' ಎನ್ನುವುದು ಸಾಮಾನ್ಯ.

ಎರೆ ಮಣ್ಣಿನ ನಿಜವಾದ ಶಕ್ತಿ ಇರುವುದು ಅದರ ಜೇಡಿಯಲ್ಲಿ. ಮಾಂಟ್‌ಮೊರಿಲೊನೈಟ್ ಎಂಬ ಈ ಬಗೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಕೈ ತೂರುವಷ್ಟು ಬಿರಿಯುವುದು ಇದರಿಂದಲೇ. ಪೊಟ್ಯಾಷ್, ಕ್ಯಾಲ್ಸಿಯಂನಂಥ ಪೋಷಕಾಂಶಗಳನ್ನೂ ನೀರನ್ನೂ ಇದು ಚೆನ್ನಾಗಿ ಹಿಡಿದಿಡುತ್ತದೆ. ಹಿಂಗಾರಿ ಜೋಳ, ಕಡಲೆ ಬರೀ ತೇವದ ಮೇಲೆ ಬೆಳೆಯುವುದು ಇದೇ ಗುಣದಿಂದ.

ಆದರೆ ಜೋಳಕ್ಕೆ ವರವಾದದ್ದು ಅಂಜೂರಕ್ಕೆ ಶಾಪವಾಗಬಹುದು. ಉಬ್ಬಿದ ಜೇಡಿಯಲ್ಲಿ ರಂಧ್ರಗಳು ಮುಚ್ಚಿಕೊಂಡು ನೀರು ಕೆಳಗಿಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಅಂಜೂರದ ಬೇರಿಗೆ ಉಸಿರಾಟ ಬೇಕು, ನಿಂತ ನೀರು ಅದಕ್ಕೆ ಆಗದು. ಚೆನ್ನಾಗಿ ನೀರು ಬಸಿಯುವ, ಸುಮಾರು ಒಂದು ಮೀಟರ್ ಆಳದ ಮಧ್ಯಮ ಎರೆ ಅಥವಾ ಗೋಡು ಮಿಶ್ರಿತ ಮಣ್ಣು ಅಂಜೂರಕ್ಕೆ ಹೇಳಿಸಿದ್ದು. ಕಪ್ಪು ಎಷ್ಟು ಗಾಢ ಎನ್ನುವುದಕ್ಕಿಂತ ನೀರು ಎಷ್ಟು ಬೇಗ ಇಂಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ.

ಮಣ್ಣಿನ ಗುಣಮಟ್ಟ ಎಂದರೆ ಏನು?

ಗೊಬ್ಬರದ ಅಂಗಡಿಯ ಮಾತಿನಲ್ಲಿ ಮಣ್ಣಿನ ಗುಣ ಎಂದರೆ ಸಾರಜನಕ, ರಂಜಕ, ಪೊಟ್ಯಾಷ್. ಮಣ್ಣು ವಿಜ್ಞಾನಿಗಳು ಅದನ್ನು ಮೂರು ಕಡೆಯಿಂದ ನೋಡುತ್ತಾರೆ.

ಮೊದಲನೆಯದು ಮಣ್ಣಿನ ಮೈಕಟ್ಟು: ಆಳ ಎಷ್ಟು, ಜೇಡಿ ಎಷ್ಟು, ಎಷ್ಟು ಗಟ್ಟಿಯಾಗಿದೆ, ನೀರು ಇಂಗುವ ವೇಗ ಎಷ್ಟು. ಎರಡನೆಯದು ರಾಸಾಯನಿಕ ಗುಣ: ರಸಸಾರ ಅಂದರೆ ಪಿಎಚ್, ಲವಣದ ಪ್ರಮಾಣ, ಸುಣ್ಣ, ಸೋಡಿಯಂ, ಪೋಷಕಾಂಶಗಳು. ಮೂರನೆಯದು ಜೀವ: ಸಾವಯವ ಇಂಗಾಲ, ಎರೆಹುಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು.

ಈ ಮೂರರಲ್ಲಿ ಯಾವುದು ಮುಖ್ಯ? ಪಕ್ಕದಲ್ಲಿ ತೂತಾದ ಒಂದು ಕೊಡವನ್ನು ನೆನೆಸಿಕೊಳ್ಳಿ. ಮೇಲಿನಿಂದ ಎಷ್ಟೇ ನೀರು ಸುರಿದರೂ ತೂತಿನ ಮಟ್ಟಕ್ಕಿಂತ ಮೇಲೆ ನೀರು ನಿಲ್ಲುವುದಿಲ್ಲ. ಇಳುವರಿಯೂ ಹಾಗೆಯೇ. ಎಲ್ಲಕ್ಕಿಂತ ಕೊರತೆಯಾದ ಅಂಶ ಯಾವುದೋ ಅದೇ ಇಳುವರಿಯ ಮಿತಿಯನ್ನು ಹೇಳುತ್ತದೆ. 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಜನಪ್ರಿಯಗೊಳಿಸಿದ 'ಕನಿಷ್ಠದ ನಿಯಮ' ಇದೇ. ಸತುವಿನ ಕೊರತೆ ಇರುವ ಹೊಲಕ್ಕೆ ಯೂರಿಯಾ ಸುರಿಯುವುದು, ನೀರು ನಿಲ್ಲುವ ತೋಟಕ್ಕೆ ಡಿಎಪಿ ಹಾಕುವುದು ಎರಡೂ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಕಾರ್ಡಿನಲ್ಲಿರುವ ಅಂಕಿಗಳನ್ನು ಓದುವುದು ಹೇಗೆ?

ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿದ್ದು 2015ರ ಫೆಬ್ರುವರಿ 19ರಂದು. ಕಾರ್ಡಿನಲ್ಲಿ 12 ಅಂಶಗಳಿರುತ್ತವೆ: ಪಿಎಚ್, ಇಸಿ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್. ಹಣ್ಣಿನ ತೋಟ ಮಾಡುವವರು ಮೊದಲು ನೋಡಬೇಕಾದವು ಇವು.

ಪಿಎಚ್: 7 ಎಂದರೆ ತಟಸ್ಥ. ಅದಕ್ಕಿಂತ ಮೇಲೆ ಹೋದಂತೆ ಕ್ಷಾರ. 7.5ಕ್ಕೂ 8.5ಕ್ಕೂ ಇರುವ ಅಂತರ 'ಒಂದೇ ಒಂದು' ಎಂದು ಕಾಣುತ್ತದೆ. ಆದರೆ ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. 8.5 ದಾಟಿದರೆ ಸೋಡಿಯಂ ಕಾಟ ಇರಬಹುದೆಂದು ಶಂಕಿಸಿ ಮುಂದಿನ ಪರೀಕ್ಷೆ ಮಾಡಿಸಬೇಕು.

ಇಸಿ: ಮಣ್ಣಿನಲ್ಲಿ ಕರಗುವ ಉಪ್ಪು ಎಷ್ಟಿದೆ ಎಂಬುದರ ಅಳತೆ. ನಮ್ಮ ಪ್ರಯೋಗಾಲಯಗಳು ಮಣ್ಣಿಗೆ ಎರಡು ಎರಡೂವರೆ ಪಟ್ಟು ನೀರು ಬೆರೆಸಿ ಅಳೆಯುತ್ತವೆ. ಆ ವಿಧಾನದಲ್ಲಿ 1 ಡೆಸಿಸೀಮನ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯ. ಇಲ್ಲೊಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಸಿಗುವ 'ಯಾವ ಬೆಳೆ ಎಷ್ಟು ಉಪ್ಪು ತಡೆಯುತ್ತದೆ' ಎಂಬ ಪಟ್ಟಿಗಳಲ್ಲಿ ಹೆಚ್ಚಿನವು ಬೇರೆ ವಿಧಾನದವು. ಅಲ್ಲಿ ಮಣ್ಣನ್ನು ಕೆಸರಿನಷ್ಟೇ ಹದ ಮಾಡಿ ಹಿಂಡಿದ ರಸವನ್ನು ಅಳೆಯುತ್ತಾರೆ, ಅಂಕಿ ದೊಡ್ಡದಾಗಿ ಬರುತ್ತದೆ. ಪಟ್ಟಿಯಲ್ಲಿ 4 ಎಂದಿದೆ, ನನ್ನ ಕಾರ್ಡಿನಲ್ಲಿ 2 ಇದೆ, ಇನ್ನೂ ಜಾಗವಿದೆ ಎಂದು ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ಸಾವಯವ ಇಂಗಾಲ: ಶೇ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು.

ಸಾರಜನಕ: ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಇದ್ದರೆ ಕೊರತೆ, 280ರಿಂದ 560 ಮಧ್ಯಮ.

ಸತು: 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ.

ಕಬ್ಬಿಣದ ವಿಷಯದಲ್ಲಿ ಒಂದು ಸೋಜಿಗವಿದೆ. ಪಕ್ಕದ ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಬೆಟ್ಟಗಳೇ ಇವೆ. ಇಂಥ ಸೀಮೆಯ ಗಿಡಕ್ಕೆ ಕಬ್ಬಿಣದ ಕೊರತೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಸುಣ್ಣ ಹೆಚ್ಚಿರುವ, ಪಿಎಚ್ ಎಂಟು ದಾಟಿದ ಎರೆ ಮಣ್ಣಿನಲ್ಲಿ ಕಬ್ಬಿಣ ಕರಗುವುದೇ ಇಲ್ಲ. ಮಣ್ಣಿನಲ್ಲಿದ್ದರೂ ಬೇರಿಗೆ ಸಿಗದು. ಆಗ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದನ್ನು ಸಾರಜನಕದ ಕೊರತೆ ಎಂದು ತಿಳಿದು ಯೂರಿಯಾ ಹಾಕಿದರೆ ಹಣವೂ ಹೋಯಿತು, ರೋಗವೂ ಹೋಗಲಿಲ್ಲ. ಗುರುತು ಸುಲಭ: ಸಾರಜನಕ ಕಡಿಮೆಯಾದರೆ ಮೊದಲು ಹಳೆಯ ಎಲೆ ಹಳದಿಯಾಗುತ್ತದೆ, ಕಬ್ಬಿಣ ಕಡಿಮೆಯಾದರೆ ಹೊಸ ಎಲೆ.

ಕಾರ್ಡ್ ಇದ್ದರೆ ಸಾಕಲ್ಲವೇ?

ಸಾಲದು. ಇದಕ್ಕೆ ಎರಡು ಕಾರಣ.

ಒಂದು, ಮಾದರಿ ಯಾರ ಹೊಲದ್ದು? ಯೋಜನೆಯ ನಿಯಮದಂತೆ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ, ಅಂದರೆ ಸುಮಾರು 6 ಎಕರೆಗೆ ಒಂದು ಮಾದರಿ. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಒಂದು. ನಿಮ್ಮ ಕಾರ್ಡಿನಲ್ಲಿರುವ ಅಂಕಿ ಪಕ್ಕದವರ ಹೊಲದ ಮಣ್ಣಿನದ್ದೂ ಆಗಿರಬಹುದು. ಇಡೀ ಊರಿಗೆ ಗೊಬ್ಬರದ ಅಂದಾಜು ಮಾಡಲು ಇದು ಸಾಕು, ಎರಡು ಎಕರೆ ಅಂಜೂರದ ಮೇಲೆ ಹಣ ಹೂಡಲು ಸಾಲದು.

ಎರಡು, ಮಾದರಿ ಎಷ್ಟು ಆಳದ್ದು? ಭತ್ತ, ಜೋಳಕ್ಕೆಂದು ಮೇಲಿನ 15 ಸೆಂಟಿಮೀಟರ್ ಮಣ್ಣು ತೆಗೆಯುತ್ತಾರೆ. ಹಣ್ಣಿನ ಗಿಡದ ಬೇರು ಅಲ್ಲಿಗೇ ನಿಲ್ಲುವುದಿಲ್ಲ. ಮೇಲೆ ಚೆನ್ನಾಗಿದ್ದು ಎರಡಡಿ ಕೆಳಗೆ ಸುಣ್ಣದ ಹರಳಿನ ಗಟ್ಟಿ ಪದರವೋ ಉಪ್ಪಿನ ಪದರವೋ ಇದ್ದರೆ ಕಾರ್ಡಿಗೆ ಅದು ಕಾಣಿಸುವುದಿಲ್ಲ. ಗಿಡಕ್ಕೆ ಕಾಣಿಸುತ್ತದೆ, ಎರಡನೇ ಮೂರನೇ ವರ್ಷದಲ್ಲಿ.

ಕಾಲುವೆ ನೀರು ಸಿಹಿ, ಹಾಗಾದರೆ ಉಪ್ಪು ಎಲ್ಲಿಂದ ಬಂತು?

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಈ ಸೀಮೆಯ ಬದುಕನ್ನೇ ಬದಲಿಸಿತು. ಬರದ ನಾಡು ಭತ್ತದ ಕಣಜವಾಯಿತು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳು ಎದ್ದವು. ಜೊತೆಗೇ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಭೂಮಿ ಸವಳು, ಜವಳಿಗೆ ತುತ್ತಾಯಿತು. ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ನಿಲ್ಲುವುದು. ಎರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ.

ಒಂದು ಲೆಕ್ಕ ನೋಡೋಣ. ನಾಲಿಗೆಗೆ ಉಪ್ಪೆಂದೇ ತಿಳಿಯದ, ಇಸಿ 0.5 ಇರುವ ನೀರಿನಲ್ಲೂ ಲೀಟರಿಗೆ ಸುಮಾರು 0.32 ಗ್ರಾಂ ಲವಣ ಇರುತ್ತದೆ. ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ನೀರು ಹಾಯಿಸಿದರೆ ಅದು ಸುಮಾರು 40 ಲಕ್ಷ ಲೀಟರ್. ಅದರಲ್ಲಿ ಬರುವ ಲವಣ ಸುಮಾರು 1.3 ಟನ್! ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ಮಳೆಯೋ ಬಸಿಗಾಲುವೆಯೋ ಅದನ್ನು ತೊಳೆದು ಒಯ್ಯದಿದ್ದರೆ ವರ್ಷ ವರ್ಷವೂ ಅಲ್ಲೇ ಸೇರುತ್ತದೆ. ಕೆಳಗಿನ ನೀರಿನ ಮಟ್ಟ ಮೇಲೆ ಬಂದರಂತೂ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪುಡಿ ಕಾಣುವುದು ಆಗಲೇ.

ಎರೆ ಭೂಮಿಗೆ ನೀರು ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಹಳೆಯದು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ಅಣೆಕಟ್ಟಿಗಿಂತ ಮೊದಲೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಶುರುವಾಯಿತು. ಪಕ್ಕದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಅಧ್ಯಯನ ನಡೆಯುತ್ತದೆ.

ಉಪ್ಪನ್ನು ಎಲ್ಲ ಹಣ್ಣಿನ ಗಿಡಗಳೂ ಒಂದೇ ರೀತಿ ತಡೆಯುವುದಿಲ್ಲ. ಖರ್ಜೂರ, ಬೋರೆ, ಸಪೋಟ ಹೆಚ್ಚು ತಡೆಯುತ್ತವೆ. ಅಂಜೂರ, ದಾಳಿಂಬೆ ಮಧ್ಯಮ. ಮಾವು, ನಿಂಬೆ, ಪಪ್ಪಾಯ ಸೂಕ್ಷ್ಮ. ಆದರೆ ಉಪ್ಪು ತಡೆಯುವ ಗಿಡ ನೀರು ನಿಲ್ಲುವುದನ್ನೂ ತಡೆಯುತ್ತದೆ ಎಂದು ತಿಳಿಯಬೇಡಿ. ಅಂಜೂರ ತುಸು ಸವಳನ್ನು ಸಹಿಸುತ್ತದೆ, ಜವಳನ್ನು ಸಹಿಸುವುದಿಲ್ಲ.

ಜಿಪ್ಸಂ ಹಾಕಿದರೆ ಎಲ್ಲ ಸರಿಹೋಗುತ್ತದೆಯೇ?

ಇದು ಇನ್ನೊಂದು ಜನಪ್ರಿಯ ಸಂದೇಶ. ಉತ್ತರ: ಯಾವ ರೋಗ ಎಂಬುದನ್ನು ಅವಲಂಬಿಸಿದೆ.

ಜೇಡಿಕಣಕ್ಕೆ ಸೋಡಿಯಂ ಅಂಟಿಕೊಂಡಿದ್ದರೆ ಮಣ್ಣು ಒದ್ದೆಯಾದಾಗ ಕಣಕಣವಾಗಿ ಬಿಡಿಸಿಕೊಂಡು ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದಾಗ ಕಲ್ಲಾಗುತ್ತದೆ. ಇದು ಕ್ಷಾರ ಮಣ್ಣು. ಇಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಹೊರಬಿದ್ದ ಸೋಡಿಯಂ ನೀರಿನ ಜೊತೆ ಕೆಳಗೆ ಹರಿದುಹೋಗಬೇಕು. ಹೋಗಲು ದಾರಿಯೇ ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಹಾಗಾಗಿ ಬಸಿಗಾಲುವೆ ಇಲ್ಲದ ಜಿಪ್ಸಂ ಅರ್ಧ ಚಿಕಿತ್ಸೆ.

ಬರೀ ಉಪ್ಪು ಹೆಚ್ಚಾಗಿ ಸೋಡಿಯಂ ಅಂಟಿಕೊಂಡಿರದಿದ್ದರೆ ಜಿಪ್ಸಂ ಬೇಕಿಲ್ಲ. ಜಿಪ್ಸಂ ಕೂಡ ಒಂದು ಲವಣವೇ. ಅಲ್ಲಿ ಬೇಕಾದದ್ದು ಒಳ್ಳೆಯ ನೀರಿನಿಂದ ತೊಳೆಯುವುದು ಮತ್ತು ಬಸಿಯುವ ವ್ಯವಸ್ಥೆ. ಎಕರೆಗೆ ಎಷ್ಟು ಜಿಪ್ಸಂ ಎಂಬುದನ್ನು ವಾಟ್ಸ್‌ಆ್ಯಪ್ ಹೇಳಲಾರದು. 'ಜಿಪ್ಸಂ ಅಗತ್ಯ' ಎಂಬ ಪ್ರತ್ಯೇಕ ಪರೀಕ್ಷೆಯೇ ಇದೆ.

ತೋಟಕ್ಕಾಗಿ ಮಣ್ಣಿನ ಮಾದರಿ ತೆಗೆಯುವುದು ಹೀಗೆ

1. ಹೊಲವನ್ನು ಒಂದೇ ಎಂದುಕೊಳ್ಳಬೇಡಿ. ಬಣ್ಣ, ಇಳಿಜಾರು, ಬೆಳೆಯ ಬೆಳವಣಿಗೆ ನೋಡಿ ಭಾಗ ಮಾಡಿ. ತಗ್ಗಿನ ಮಣ್ಣು ಬೇರೆ, ದಿಬ್ಬದ ಮಣ್ಣು ಬೇರೆ ಚೀಲಕ್ಕೆ.

2. ಬದು, ಗೊಬ್ಬರದ ತಿಪ್ಪೆ, ಮರದ ಬುಡ, ಕಾಲುವೆಯ ಅಂಚು, ಇತ್ತೀಚೆಗೆ ಗೊಬ್ಬರ ಹಾಕಿದ ಜಾಗ ಬಿಡಿ.

3. ಪ್ರತಿ ಭಾಗದಲ್ಲಿ ಅಲ್ಲಲ್ಲಿ ಹಲವು ಗುಂಡಿ ತೋಡಿ. ಒಂದಡಿಯವರೆಗಿನದು, ಒಂದರಿಂದ ಎರಡಡಿ, ಎರಡರಿಂದ ಮೂರಡಿ ಹೀಗೆ ಮೂರು ಪದರದ ಮಣ್ಣನ್ನು ಬೇರೆ ಬೇರೆ ಇಡಿ. ಮೇಲಿನದನ್ನು ಕೆಳಗಿನದಕ್ಕೆ ಬೆರೆಸಬೇಡಿ.

4. ಒಂದೇ ಪದರದ ಮಣ್ಣನ್ನೆಲ್ಲ ಬೆರೆಸಿ, ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ.

5. ನೆರಳಿನಲ್ಲಿ ಒಣಗಿಸಿ. ಗೊಬ್ಬರದ ಹಳೆಯ ಚೀಲಕ್ಕೆ ತುಂಬಬೇಡಿ, ಅದರಲ್ಲಿ ಉಳಿದ ಕಣವೇ ವರದಿಯನ್ನು ಕೆಡಿಸುತ್ತದೆ. ಸತು, ಕಬ್ಬಿಣ ಪರೀಕ್ಷಿಸಬೇಕಿದ್ದರೆ ತುಕ್ಕು ಹಿಡಿದ ಸಲಿಕೆಯ ಬದಲು ಮರದ ಅಥವಾ ಪ್ಲಾಸ್ಟಿಕ್ ಸಾಧನ ಬಳಸಿ.

6. ಚೀಟಿಯಲ್ಲಿ ಸರ್ವೆ ನಂಬರು, ಆಳ, ಹಿಂದಿನ ಬೆಳೆ, ನೀರಿನ ಮೂಲ ಮತ್ತು 'ಅಂಜೂರ ನೆಡುವ ಉದ್ದೇಶ' ಎಂದು ಬರೆಯಿರಿ. ಕೊಳವೆಬಾವಿ ಇದ್ದರೆ ಒಂದು ಬಾಟಲಿ ನೀರನ್ನೂ ಕೊಡಿ. ಮಣ್ಣು ಇಂದು ಚೆನ್ನಾಗಿದ್ದರೂ ಕೆಟ್ಟ ನೀರು ನಾಲ್ಕು ವರ್ಷದಲ್ಲಿ ಅದನ್ನು ಕೆಡಿಸಬಲ್ಲುದು.

ಮನೆಯಲ್ಲೇ ಮಾಡುವ ಪರೀಕ್ಷೆಗಳು: ಯಾವುದು ನಿಜ?

ನಿಂಬೆರಸ ಅಥವಾ ವಿನೆಗರ್ ಹಾಕಿ ನೊರೆ ಬಂದರೆ ಮಣ್ಣು ಫಲವತ್ತು ಎಂಬ ವಿಡಿಯೊಗಳಿವೆ. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದಷ್ಟೇ ಅರ್ಥ. ಫಲವತ್ತತೆಗೂ ಅದಕ್ಕೂ ಸಂಬಂಧವಿಲ್ಲ. ಜೋರಾಗಿ ನೊರೆ ಬಂದರೆ ಕಬ್ಬಿಣ, ಸತು, ರಂಜಕ ಗಿಡಕ್ಕೆ ಸಿಗುವುದು ಕಷ್ಟವಾಗಬಹುದು ಎಂಬ ಸುಳಿವು ಎಂದು ಬೇಕಾದರೆ ತಿಳಿಯಿರಿ.

ಮೊಬೈಲಿನಲ್ಲಿ ಮಣ್ಣಿನ ಫೋಟೋ ತೆಗೆದರೆ ಸಾರಜನಕ ಎಷ್ಟೆಂದು ಹೇಳುತ್ತೇವೆ ಎನ್ನುವ ಮಾತನ್ನು ನಂಬಿ ಗೊಬ್ಬರ ಕೊಳ್ಳಬೇಡಿ. ಬಣ್ಣ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಮೇಲೆಯೇ ನೋಡಿದೆವು. ತೇವ ಇದ್ದರೆ ಅದೇ ಮಣ್ಣು ಇನ್ನೂ ಕಪ್ಪಾಗಿ ಕಾಣುತ್ತದೆ.

ಉಪಯೋಗಕ್ಕೆ ಬರುವ ಪರೀಕ್ಷೆಗಳು ಎರಡಿವೆ, ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ಗುಂಡಿ ಪರೀಕ್ಷೆ. ಒಂದೂವರೆ ಎರಡು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಲು ಬಿಡಿ. ಒಣ ಬಿರುಕುಗಳು ಮೊದಲ ಸಲದ ನೀರನ್ನು ಬೇಗ ಕುಡಿದುಬಿಡುತ್ತವೆ, ಆದ್ದರಿಂದ ಮತ್ತೆ ತುಂಬಿಸಿ ಎರಡನೇ ಸಲದ್ದನ್ನು ಗಮನಿಸಿ. ಮಾರನೇ ದಿನವೂ ನೀರು ಹಾಗೇ ನಿಂತಿದ್ದರೆ ಅಲ್ಲಿ ಅಂಜೂರದ ಬೇರಿಗೂ ಅದೇ ಗತಿ.

ಎರಡನೆಯದು ಹೆಂಟೆ ಪರೀಕ್ಷೆ. ಒಣಗಿದ ಸಣ್ಣ ಮಣ್ಣಿನ ಹೆಂಟೆಯನ್ನು ಮಳೆನೀರು ಇರುವ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ, ಕಲಕಬೇಡಿ. ಹೆಂಟೆ ಒಡೆದು ಪುಡಿಯಾಗಿ ತಳದಲ್ಲಿ ಕೂತು ನೀರು ತಿಳಿಯಾಗಿಯೇ ಇದ್ದರೆ ಹೆಚ್ಚು ಚಿಂತೆಯಿಲ್ಲ. ಅದರ ಸುತ್ತ ಹಾಲಿನಂಥ ಮೋಡ ಹರಡಿ ಗಂಟೆಗಳ ನಂತರವೂ ಇಳಿಯದಿದ್ದರೆ ಸೋಡಿಯಂ ಇರುವ ಸೂಚನೆ. ಕೊಳವೆಬಾವಿಯ ನೀರಿನಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಏಕೆಂದರೆ ಅದರಲ್ಲಿರುವ ಲವಣವೇ ಜೇಡಿಯನ್ನು ಕೂರಿಸಿಬಿಡುತ್ತದೆ.

ಇವು ಪ್ರಯೋಗಾಲಯದ ವರದಿಗೆ ಬದಲಿಯಲ್ಲ. ಪ್ರಯೋಗಾಲಯಕ್ಕೆ ಏನನ್ನು ಕೇಳಬೇಕು ಎಂದು ತಿಳಿಸುವ ಸುಳಿವುಗಳು.

ಮಣ್ಣಿಗೆ ಮಾರ್ಕ್ಸ್ ಕೊಡಬಹುದೇ?

ಕೊಡಬಹುದು. 'ಮಣ್ಣಿನ ಗುಣಮಟ್ಟ ಸೂಚ್ಯಂಕ' ಎಂಬುದೇ ಅದು. ಹೆಚ್ಚು, ಮಧ್ಯಮ ಮತ್ತು ಕಡಿಮೆ ಇಳುವರಿಯ ತೋಟಗಳಿಂದ ಮಣ್ಣು ತಂದು ಹತ್ತಿಪ್ಪತ್ತು ಗುಣಗಳನ್ನು ಅಳೆಯುತ್ತಾರೆ. ಒಂದೇ ಕಥೆ ಹೇಳುವ ಗುಣಗಳನ್ನು ಕೈಬಿಟ್ಟು ಮುಖ್ಯವಾದ ಕೆಲವನ್ನು ಉಳಿಸಿಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಒಂದರವರೆಗೆ ಅಂಕ. ಇಂಗಾಲ ಹೆಚ್ಚಿದಷ್ಟೂ ಹೆಚ್ಚು ಅಂಕ, ಲವಣ ಕಡಿಮೆಯಾದಷ್ಟೂ ಹೆಚ್ಚು ಅಂಕ, ಪಿಎಚ್‌ನಂಥದ್ದು ನಡುವೆ ಇದ್ದರೆ ಹೆಚ್ಚು ಅಂಕ. ಎಲ್ಲ ಸೇರಿಸಿ ಬಂದ ಮೊತ್ತವನ್ನು ಇಳುವರಿಯ ಜೊತೆ ಹೋಲಿಸುತ್ತಾರೆ.

ಇದು ಒಳ್ಳೆಯ ಸಾಧನ, ಆದರೆ ಸರಾಸರಿಯಲ್ಲಿ ಒಂದು ಮೋಸವಿದೆ. ಎರಡು ತೋಟಗಳನ್ನು ಊಹಿಸಿಕೊಳ್ಳೋಣ. ಮೊದಲ ತೋಟಕ್ಕೆ ಇಂಗಾಲ 0.8, ರಂಜಕ 0.9, ಪೊಟ್ಯಾಷ್ 1, ಸತು 0.7, ನೀರು ಬಸಿಯುವಿಕೆ 0.1. ಸರಾಸರಿ 0.7. ಎರಡನೆಯದಕ್ಕೆ ಐದಕ್ಕೂ 0.6. ಸರಾಸರಿ 0.6. ಅಂಕದಲ್ಲಿ ಮೊದಲನೆಯದು ಮುಂದೆ. ಆದರೆ ಗಿಡ ಬದುಕುವುದು ಎರಡನೆಯದರಲ್ಲಿ! ಆದ್ದರಿಂದ ಸೂಚ್ಯಂಕ ಎಷ್ಟು ಎಂದು ಕೇಳಿದ ಮೇಲೆ ಅತಿ ಕಡಿಮೆ ಅಂಕ ಯಾವುದಕ್ಕೆ ಬಂತು ಎಂದೂ ಕೇಳಬೇಕು. ತೂತು ಕೊಡದ ಪಾಠ ಇದೇ.

ಇನ್ನೊಂದು ಮಾತು. ಇಂಗಾಲ ಹೆಚ್ಚಿರುವ ತೋಟದಲ್ಲಿ ಇಳುವರಿಯೂ ಹೆಚ್ಚು ಎಂದು ಕಂಡರೆ ಇಂಗಾಲವೇ ಪೂರ್ತಿ ಕಾರಣ ಎನ್ನಲಾಗದು. ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕುವ ರೈತರು ಸವರುವುದು, ತುಕ್ಕು ರೋಗಕ್ಕೆ ಔಷಧಿ ಹೊಡೆಯುವುದು, ಹದವಾಗಿ ನೀರು ಕೊಡುವುದು ಇವನ್ನೂ ಚೆನ್ನಾಗಿಯೇ ಮಾಡುತ್ತಿರಬಹುದು. ಮಣ್ಣು ಇಳುವರಿಯ ದೊಡ್ಡ ಪಾಲುದಾರ, ಏಕೈಕ ಮಾಲೀಕನಲ್ಲ.

ಇನ್ನೂ ಕೆಲವು ಸಂದೇಶಗಳು, ಚುಟುಕಾಗಿ

"ಈ ಪುಡಿ ಹಾಕಿ, ತಿಂಗಳಲ್ಲಿ ಇಂಗಾಲ ಹೆಚ್ಚುತ್ತದೆ." ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಇಂಗಾಲವನ್ನು ಶೇ 0.1ರಷ್ಟು ಏರಿಸಲು 900 ಕಿಲೋ ಇಂಗಾಲ ಅಲ್ಲಿ ಉಳಿಯಬೇಕು. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ನೀರು, ಮಣ್ಣು, ಬೂದಿ ಕಳೆದರೆ ಇಂಗಾಲ ನೂರಿನ್ನೂರು ಕಿಲೋ, ಅದರಲ್ಲೂ ಹೆಚ್ಚಿನದು ಗಾಳಿ ಸೇರುತ್ತದೆ. ಐದು ಕಿಲೋ ಪುಡಿಯಿಂದ ಇದು ಆಗುವ ಕೆಲಸವಲ್ಲ. ಗೊಬ್ಬರ, ಡಯಾಂಚ, ಸೆಣಬು, ಎಲೆ ಹೊದಿಕೆ ಇವುಗಳಿಂದ ವರ್ಷಗಟ್ಟಲೆ ಕೂಡಿಸಬೇಕು.

"ಕೆರೆ ಹೂಳು ಎಲ್ಲ ಹೊಲಕ್ಕೂ ಅಮೃತ." ಮಸಾರಿಗೆ ಹೌದು, ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ಮೊದಲೇ ಜೇಡಿ ತುಂಬಿದ ಎರೆಗೆ ಇನ್ನಷ್ಟು ಜೇಡಿ ಹೇರಿದಂತೆ. ಹೂಳನ್ನೂ ಪರೀಕ್ಷಿಸಿಯೇ ಹಾಕಿ.

"ಅಂಜೂರದೊಳಗೆ ಸತ್ತ ಕಣಜ ಇರುತ್ತದೆ, ತಿನ್ನಬೇಡಿ." ಕೆಲವು ಕಾಡು ಮತ್ತು ವಿದೇಶಿ ಬಗೆಗಳಿಗೆ ಕಣಜದಿಂದ ಪರಾಗಸ್ಪರ್ಶ ಬೇಕು. ಪುಣೆ ಅಂಜೂರದಂಥ ನಮ್ಮ ತೋಟದ ಬಗೆಗಳು ಕಣಜದ ನೆರವಿಲ್ಲದೆಯೇ ಹಣ್ಣು ಕಟ್ಟುತ್ತವೆ. ನಿಶ್ಚಿಂತೆಯಿಂದ ತಿನ್ನಿ.

ಹಾಗಾದರೆ ಏನು ಮಾಡಬೇಕು?

ತೋಟ ಮಾಡುವ ಯೋಚನೆ ಇದ್ದರೆ ಸಸಿಯ ಮುಂಗಡಕ್ಕಿಂತ ಮೊದಲು ಮೂರು ಕೆಲಸ ಮಾಡಿ: ಬೇಸಿಗೆಯಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿ ನೋಡಿ, ಮೂರು ಪದರದ ಮಣ್ಣು ಮತ್ತು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ, ವರದಿ ಹಿಡಿದು ತಜ್ಞರ ಹತ್ತಿರ ಕೂತು ಮಾತಾಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆ, ಹಗರಿಯ ಕೃಷಿ ವಿಜ್ಞಾನ ಕೇಂದ್ರ ಇರುವುದೇ ಇದಕ್ಕೆ. ಈಗಾಗಲೇ ತೋಟ ಇದ್ದರೆ ಚೆನ್ನಾಗಿರುವ ಗಿಡದ ಬುಡದ ಮಣ್ಣನ್ನೂ ಸೊರಗಿದ ಗಿಡದ ಬುಡದ್ದನ್ನೂ ಬೇರೆ ಬೇರೆ ಪರೀಕ್ಷಿಸಿ. ಎರಡು ವರದಿಯನ್ನು ಅಕ್ಕಪಕ್ಕ ಇಟ್ಟರೆ ಕೊಡದ ತೂತು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಮಣ್ಣು ಒಗ್ಗದು ಎಂದು ವರದಿ ಹೇಳಿದರೂ ಅದು ನಷ್ಟವಲ್ಲ. ಒಂದು ಚೀಲ ಮಣ್ಣು ಹತ್ತು ವರ್ಷದ ಸಾಲವನ್ನು ತಪ್ಪಿಸಿದಂತಾಯಿತು. ಆ ಹೊಲದಲ್ಲಿ ಸಪೋಟ, ಬೋರೆ ಬರಬಹುದು, ಅಥವಾ ಹಿಂಗಾರಿ ಜೋಳ, ಕಡಲೆಯೇ ಸರಿ ಎನಿಸಬಹುದು. ಮುಂದಿನ ಸಲ 'ಎಕರೆಗೆ ಲಕ್ಷ' ಎಂಬ ಸಂದೇಶ ಬಂದಾಗ ಕಳಿಸಿದವರನ್ನು ಒಂದೇ ಮಾತು ಕೇಳಿ: "ಆ ಹೊಲದ ಎರಡಡಿ ಕೆಳಗಿನ ಮಣ್ಣಿನ ವರದಿ ಇದೆಯೇ?" ಇದ್ದರೆ ಅದನ್ನು ಹಂಚಿ. ಇಲ್ಲದಿದ್ದರೆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.